ಬಾಳೆಲೆಗೆ ಹೋದ ದೋಣಿ

ಹೆಬ್ಬಾಲೆ
೧೯ ಜೂನ್ ೨೦೨೫, ಗುರುವಾರ
ಬೆಳಗಿನ ತಿಂಡಿ ಆದ ಮೇಲೆ

ಪ್ರೀತಿಯ ವಿಶಾಲಾಕ್ಷಿ,

ನೀನೂ ಮಗಳೂ ಕೂಸೂ ಕ್ಷೇಮವಷ್ಟೇ? ಕೂಸಿನ ಶೀತ ಕಡಿಮೆಯಾಯಿತೇ? ತೇಜಸ್ವಿನಿಗೆ ಊಟ ಸೇರುತ್ತಿದೆಯೇ? ನಿನ್ನ ಬಲಗಾಲಿನ ಮಂಡಿಯದೇ ನನಗೆ ಯೋಚನೆ. ಹೊಳೆನರಸೀಪುರದ ಆ ಮನೆಯಲ್ಲಿ ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕು. ಬಾಣಂತಿಗೆ ನೀರು ಹಾಕುವ ಭರದಲ್ಲಿ ನೀನು ಜಾರಿ ಬಿದ್ದರೆ ನಿನಗೆ ನೀರು ಹಾಕಲು ಅಲ್ಲಿ ಯಾರೂ ಇಲ್ಲ. ಇಲ್ಲಿ ಎಲ್ಲರೂ ಆರೋಗ್ಯ. ಸೊಸೆ ಕಾವ್ಯಶ್ರೀ ಹೊತ್ತು ಹೊತ್ತಿಗೆ ಬಡಿಸುತ್ತಾಳೆ. ಸೊಪ್ಪಿನ ಸಾರಿಗೆ ನಿನಗಿಂತ ಖಾರ ಜಾಸ್ತಿ ಹಾಕುತ್ತಾಳೆ, ಅದನ್ನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ಮಳೆ ಚೆನ್ನಾಗಿ ಹಿಡಿದಿದೆ. ಶುಂಠಿ ಹೊಲದಲ್ಲಿ ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆಸಿದ್ದೇವೆ.

ಫೋನು ಇರುವಾಗ ಇವರೇಕೆ ಕಾಗದ ಹಿಡಿದು ಕೂತರು ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಹೇಳಲು ಹೊರಡುತ್ತೇನೆ, ನೀನು ನಡುವೆ ಮಾತ್ರೆ ತಗೊಂಡ್ರಾ ಎಂದು ಕೇಳುತ್ತೀಯೆ, ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ನಾನು ಎಲ್ಲಿದ್ದೆ ಎಂಬುದೇ ಹೋಗಿರುತ್ತದೆ. ಬರೆಯುವಾಗ ಹಾಗಲ್ಲ. ಮೇಲಿನ ಸಾಲು ಕಣ್ಣೆದುರಿಗೇ ಇರುತ್ತದೆ. ಇನ್ನೊಂದು ಕಾರಣವೂ ಇದೆ. ದೋಣಿಯ ವಿಷಯ ಅಶ್ವಥ್ ನಿನಗೆ ಏನು ಹೇಳಿದ್ದಾನೋ ನನಗೆ ಗೊತ್ತಿಲ್ಲ. ಟ್ರೈಲರಿನ ಬೇರಿಂಗ್ ಬಿಸಿಯಾಗಿತ್ತು ಎಂದು ಹೇಳಿದ್ದರೆ ಅದು ಸುಳ್ಳು. ನನ್ನ ಮರ್ಯಾದೆ ಉಳಿಸಲು ಮಗ ಹೇಳಿದ ಸುಳ್ಳು. ನಡೆದದ್ದನ್ನು ನಾನೇ ಬರೆಯುತ್ತೇನೆ. ನಡೆದದ್ದು ಅಂದರೂ ಅರ್ಧ ನನಗೆ ಗೊತ್ತಿರುವುದು, ಅರ್ಧ ಬೇರೆಯವರು ಹೇಳಿದ್ದು.

ಆ ವರ್ಷ ಹೊಳೆ ಉಕ್ಕಿ ಕೆಳಗಿನ ಕೇರಿಗೆ ನೀರು ನುಗ್ಗಿದಾಗ ನಿಂಗಮ್ಮನನ್ನು ಬಾಗಿಲಿನ ಹಲಗೆಯ ಮೇಲೆ ಕೂರಿಸಿ ಎಳೆದು ತಂದದ್ದನ್ನು ನೀನೇ ನೋಡಿದ್ದೀಯೆ. ಎಲ್ಲ ಕಡೆಯೂ ನೀರು, ಇದ್ದ ದೋಣಿಗಳೆಲ್ಲ ಬೇರೆ ಊರುಗಳಲ್ಲಿ. ನಮ್ಮೂರಿಗೇ ಒಂದು ಇರಲಿ ಎಂದು ಆವತ್ತಿನಿಂದ ಯುವಕ ಸಂಘದವರ ಆಸೆ. ನೀನು ಮಗಳ ಮನೆಗೆ ಹೋದ ವಾರವೇ ಸಂಘದ ಅಧ್ಯಕ್ಷ ಗುರುವಪ್ಪ ಬಂದು, ಮಂಗಳೂರಿನ ಮೀನು ಬಂದರಿನ ಧಕ್ಕೆಯಲ್ಲಿ ಹಳೆಯದೊಂದು ಫೈಬರ್ ದೋಣಿ ಗೊತ್ತಾಗಿದೆ, ಅದರದ್ದೇ ಎರಡು ಗಾಲಿಯ ಟ್ರೈಲರೂ ಜೊತೆಗೆ ಬರುತ್ತದೆ, ಲಾರಿ ಬೇಡ, ಅಶ್ವಥನ ಪಿಕಪ್ಪಿಗೆ ಕಟ್ಟಿ ಎಳೆದು ತಂದರೆ ಆಯಿತು ಅಂದ. ಅಶ್ವಥನಿಗೆ ಅನುಮಾನ. ಅವನ ಡಬಲ್ ಕ್ಯಾಬಿನ್ ಗಾಡಿ ಕಾರಿಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು. ಶುಂಠಿ ಮೂಟೆ ಹೊತ್ತು ಗೊತ್ತೇ ಹೊರತು ಹಿಂದೆ ಏನನ್ನೂ ಎಳೆದು ಗೊತ್ತಿಲ್ಲ. ಅದರಲ್ಲೂ ಸಂಪಾಜೆ ಘಾಟಿ. ನಾನು ಇದ್ದೇನಲ್ಲ ಅಂದೆ. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ಹಾಗನ್ನದೆ ಇನ್ನೇನು ಅಂದಾನು? ಕುಶಾಲನಗರದ ಗ್ಯಾರೇಜಿನಲ್ಲಿ ಗಾಡಿಯ ಚಾಸಿಗೆ ದಪ್ಪ ಕಬ್ಬಿಣ ಕೂರಿಸಿ, ಅದರ ತುದಿಗೆ ನಿಂಬೆಹಣ್ಣಿಗಿಂತ ದೊಡ್ಡದಾದ ಉಕ್ಕಿನ ಗುಂಡು ಹಾಕಿಕೊಟ್ಟರು. ಟ್ರೈಲರಿನ ಮೂತಿ ಆ ಗುಂಡಿನ ಮೇಲೆ ಕೂರುತ್ತದೆ. ಎರಡು ಕಡೆ ಸರಪಳಿ. ಅಷ್ಟೇ.

ಹೋದ ವಾರ ಗುರುವಾರ ಹೋಗಿ ಮಂಗಳೂರಿನಲ್ಲಿ ಉಳಿದೆವು. ಶುಕ್ರವಾರ ಬೆಳಿಗ್ಗೆ ಧಕ್ಕೆಗೆ ಹೋದಾಗ ದೋಣಿ ಮಾರಿದವರು, ತಲೆಯೆಲ್ಲ ನೆರೆತ ಬ್ಯಾರಿಯೊಬ್ಬರು, ದೋಣಿಯನ್ನು ಟ್ರೈಲರಿನ ಮೇಲೆ ಒಂದು ಗೇಣು ಮುಂದಕ್ಕೆ ಎಳೆಸಿದರು. ಮೂತಿಯ ಮೇಲೆ ಸ್ವಲ್ಪ ಭಾರ ಇರಲೇಬೇಕು, ಹಿಂದೆ ಭಾರ ಆದರೆ ಓಟದಲ್ಲಿ ಬಾಲ ಹೊಡೆಯುತ್ತದೆ, ಗಾಡಿಯನ್ನೇ ತಿರುಗಿಸಿ ಹಾಕುತ್ತದೆ ಎಂದು ವಿವರಿಸಿದರು. ಅದು ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗದ್ದು ರಿವರ್ಸು. ಗೇಟಿನಿಂದ ಹೊರಗೆ ಬರಲು ಒಂದಿಷ್ಟು ಹಿಂದೆ ತೆಗೆಯಬೇಕಿತ್ತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗಿ ಮಡಚಿಕೊಳ್ಳುತ್ತದೆ. ಕನ್ನಡಿಯಲ್ಲಿ ನೋಡಿದರೆ ಇನ್ನೂ ಗೊಂದಲ. ಆರು ಸಲ ಪ್ರಯತ್ನಪಟ್ಟೆ, ಬೆವರಿಬಿಟ್ಟೆ. ಮೀನಿನ ಬುಟ್ಟಿ ಹೊತ್ತ ಹೆಂಗಸರು ನಿಂತು ನೋಡುತ್ತಿದ್ದರು. ಕೊನೆಗೆ ಕೊಕ್ಕೆ ಕಳಚಿ, ನಾಲ್ಕು ಜನ ಸೇರಿ ಟ್ರೈಲರನ್ನು ಕೈಯಲ್ಲೇ ತಿರುಗಿಸಿದೆವು. ನನಗೆ ನಾಚಿಕೆಯಾಯಿತು. ಕೈಗೆ ಪಳಗಿದ ಕೆಲಸ ಕೈಯೇ ಮರೆತ ಹಾಗೆ.

ಸಂಪಾಜೆಯವರೆಗೆ ಅವನು ಓಡಿಸಿದ. ಚೆಕ್‌ಪೋಸ್ಟ್ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, "ಘಾಟಿ ನಿಂದು ಅಪ್ಪ" ಎಂದು ಇಳಿದು ಈ ಕಡೆ ಬಂದು ಕೂತ. ವಿಶಾಲಾಕ್ಷಿ, ಆ ಒಂದು ಗಂಟೆ ನನಗೆ ಚೆನ್ನಾಗಿ ನೆನಪಿದೆ. ಎರಡನೇ ಗೇರಿನಲ್ಲಿ, ಆತುರವಿಲ್ಲದೆ, ತಿರುವಿನಲ್ಲಿ ಗಾಡಿಯ ಮೂತಿಯನ್ನು ಆಚೆಗೆ ಬಿಟ್ಟು ಅಗಲವಾಗಿ ತಿರುಗಿಸಿದರೆ ಟ್ರೈಲರ್ ತನ್ನ ಪಾಡಿಗೆ ಒಳಗಿನಿಂದ ಬರುತ್ತಿತ್ತು. ಮುಂದಕ್ಕೆ ಹೋಗುವಾಗ ದೋಣಿ ಹೇಳಿದ ಮಾತು ಕೇಳುತ್ತದೆ. ಎದುರಿಗೆ ಬಂದ ಬಸ್ಸಿನ ಡ್ರೈವರ್ ಜಾಗ ಬಿಟ್ಟು ನಿಂತು ಕೈಯೆತ್ತಿದ. ಬೆಟ್ಟ ಹತ್ತುವ ದೋಣಿಯನ್ನು ಅವನೂ ನೋಡಿರಲಿಲ್ಲವೇನೋ. ಅಶ್ವಥ್ ಮೊಬೈಲಿನಲ್ಲಿ ಹಿಂದಕ್ಕೆ ತಿರುಗಿ ಫೋಟೋ ತೆಗೆಯುತ್ತಿದ್ದ. ಆವತ್ತು ನಾನು ಬಹಳ ಖುಷಿಯಲ್ಲಿದ್ದೆ.

ಮಡಿಕೇರಿಗೆ ಬಂದಾಗ ಹನ್ನೊಂದೂವರೆ. ದೋಣಿಯ ಕಾಗದಪತ್ರ ಜಿಲ್ಲಾ ಕಚೇರಿಗೆ ಕೊಟ್ಟು ಒಂದು ಸಹಿ ಮಾಡಿಸಬೇಕಿತ್ತು. ಮರುದಿನ ಎರಡನೇ ಶನಿವಾರ, ಆವತ್ತೇ ಆಗಬೇಕು. ಅಷ್ಟುದ್ದದ ಗಾಡಿ ನಿಲ್ಲಿಸಲು ಆ ಪೇಟೆಯಲ್ಲಿ ಜಾಗವೆಲ್ಲಿದೆ? ಅಶ್ವಥ್ ಇಳಿದುಕೊಂಡು, "ನೀನು ಹೊರಡು ಅಪ್ಪ, ಇಲ್ಲಿಂದ ಕುಶಾಲನಗರಕ್ಕೆ ನೆಟ್ಟಗೆ ರಸ್ತೆ. ನಾನು ಬಸ್ಸಲ್ಲಿ ಬರ್ತೀನಿ" ಅಂದ. ಅವನ ತಪ್ಪೇನೂ ಇಲ್ಲ. ಆ ರಸ್ತೆಯಲ್ಲಿ ನಾನು ಎಷ್ಟು ಸಾವಿರ ಸಲ ಓಡಾಡಿಲ್ಲ? ಒಂದು ಗಂಟೆಯ ದಾರಿ. ಅವನನ್ನು ಬೈಯಬೇಡ, ಇದನ್ನು ಮುಖ್ಯವಾಗಿ ನೆನಪಿಡು.

ಇಲ್ಲಿಂದ ಮುಂದೆ ನನಗೆ ತುಂಡು ತುಂಡಾಗಿ ನೆನಪು. ವೃತ್ತದಲ್ಲಿ ಪೊಲೀಸಿನವನು ಕೈ ಬೀಸಿದ್ದು ನೆನಪಿದೆ. ಮಂಜು ಇತ್ತು, ಹೆಡ್‌ಲೈಟ್ ಹಾಕಿದೆ. ಆಮೇಲೆ ಒಂದು ಅಂಗಡಿಯ ಬೋರ್ಡಿನ ಮೇಲೆ ಮೂರ್ನಾಡು ಎಂದು ಬರೆದಿತ್ತು. ಅದನ್ನು ಓದಿದೆ. ಓದಿ, ಸರಿಯಾದ ಟೈಮಿಗೆ ಬಂದೆ ಎಂದುಕೊಂಡೆ. ಕುಶಾಲನಗರಕ್ಕೆ ಹೋಗುವವನಿಗೆ ಮೂರ್ನಾಡು ಎಲ್ಲಿಂದ ಬರಬೇಕು? ಪೂರ್ವಕ್ಕೆ ಹೋಗಬೇಕಾದವನು ದಕ್ಷಿಣಕ್ಕೆ ಹೋಗುತ್ತಿದ್ದೇನೆ, ಅದು ತಲೆಗೆ ಹೊಳೆಯಲೇ ಇಲ್ಲ. ಭಯವೂ ಆಗಲಿಲ್ಲ, ನೆಮ್ಮದಿಯಾಗಿಯೇ ಇದ್ದೆ. ನನ್ನನ್ನು ಈಗ ಹೆದರಿಸುತ್ತಿರುವುದು ಆ ನೆಮ್ಮದಿಯೇ. ಅದಾದ ಮೇಲೆ ಏನೂ ಇಲ್ಲ. ಮತ್ತೆ ನೆನಪಿರುವುದು ಗುಡ್ಡೆಹೊಸೂರಿನ ಹತ್ತಿರ ಗಾಡಿ ಬಹಳ ಹಗುರವಾಗಿ ಓಡುತ್ತಿದೆ, ಇವತ್ತು ಇಂಜಿನ್ ಚೆನ್ನಾಗಿದೆ ಎಂದುಕೊಂಡದ್ದು.

ನಮ್ಮೂರ ಹೊಳೆದಂಡೆಗೆ ಬಂದಾಗ ಸಂಜೆ ಆರಾಗಿತ್ತಂತೆ. ಸಂಘದವರು ಮೂವತ್ತು ಜನ ನಿಂತಿದ್ದರು. ನಿಂಗಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ ಹಿಡಿದು ಕಾದಿದ್ದಳು. ಅಶ್ವಥ್ ಮೂರು ಗಂಟೆಗೇ ಬಂದು, ನನ್ನ ಫೋನಿಗೆ ಹೊಡೆದು ಹೊಡೆದು, ಬೈಕಿನಲ್ಲಿ ಸುಂಟಿಕೊಪ್ಪದವರೆಗೂ ಹೋಗಿ ಹುಡುಕಿ ಬಂದಿದ್ದ. ನನ್ನ ಫೋನಿನ ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕುವವಳು ನೀನು, ನೀನು ಹೋದ ಮೇಲೆ ಅದಕ್ಕೂ ಉಪವಾಸ. ಗಾಡಿ ನಿಲ್ಲಿಸಿ ಇಳಿದೆ. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ.

"ದೋಣಿ ಎಲ್ಲಪ್ಪ?" ಅಂದ ಅಶ್ವಥ್.

"ಯಾವ ದೋಣಿ?" ಅಂದೆ ನಾನು.

ಒಬ್ಬಿಬ್ಬರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಅಶ್ವಥ್ ನಗಲಿಲ್ಲ. ಹತ್ತಿರ ಬಂದು ನನ್ನ ಮುಖ ನೋಡಿದ. ಅವನು ಚಿಕ್ಕವನಿದ್ದಾಗ ಜ್ವರ ಬಂದರೆ ನೀನು ಅವನ ಮುಖವನ್ನು ಹಾಗೆ ನೋಡುತ್ತಿದ್ದೆ. ಆಗ ನನಗೆ ಉಕ್ಕಿನ ಗುಂಡು ಕಂಡಿತು. ಗಾಡಿಯ ಹಿಂದೆ ಬರಿಯ ಗುಂಡು, ಮಳೆನೀರು ತೊಟ್ಟಿಕ್ಕುತ್ತಿದೆ. ಧಕ್ಕೆ, ಘಾಟಿ, ದೋಣಿ ಎಲ್ಲ ಒಟ್ಟಿಗೇ ನುಗ್ಗಿ ಬಂದವು. ದಾರಿಯಲ್ಲಿ ಕಳಚಿ ಬಿದ್ದು ಯಾರ ಮೇಲಾದರೂ ಹರಿದಿದ್ದರೆ? ನಾನು ದಾರಿಯಲ್ಲಿದ್ದದ್ದು ಮಕ್ಕಳು ಶಾಲೆಯಿಂದ ಬರುವ ಹೊತ್ತು. ನೆಲದ ಮೇಲೇ ಕೂತುಬಿಟ್ಟೆ. ಅಶ್ವಥ್ ಬಗ್ಗಿ ನೋಡಿ, ಸರಪಳಿ ಹರಿದಿಲ್ಲ, ಕೈಯಿಂದ ಬಿಚ್ಚಿದ್ದು, ದೀಪದ ವೈರನ್ನೂ ಬಿಡಿಸಿ ಸುತ್ತಿಟ್ಟಿದೆ ಅಂದ. ಅಂದರೆ ನಾನೇ ಎಲ್ಲೋ ನಿಲ್ಲಿಸಿ, ಇಳಿದು, ಕ್ರಮವಾಗಿ ಕಳಚಿದ್ದೇನೆ. ಎಲ್ಲಿ? ಹದಿನಾರು ಅಡಿಯ ದೋಣಿಯನ್ನು ಮನುಷ್ಯ ಎಲ್ಲಿ ಇಟ್ಟು ಮರೆಯುತ್ತಾನೆ? ಚಪ್ಪಲಿಯೇ, ಕೊಡೆಯೇ? ಯೋಚಿಸಿದಷ್ಟೂ ತಲೆಯೊಳಗೆ ಮಂಜು.

ಅಷ್ಟರಲ್ಲಿ ಅಶ್ವಥನಿಗೆ ಫೋನು ಬಂತು. ಅವನು ದೂರ ಹೋಗಿ ಮಾತಾಡಿದ. ಬಂದು ಎಲ್ಲರಿಗೂ ಕೇಳುವ ಹಾಗೆ, ಟ್ರೈಲರಿನ ಬೇರಿಂಗ್ ಬಿಸಿಯಾಗಿತ್ತಂತೆ, ಅಪ್ಪ ಅಪಾಯ ಬೇಡವೆಂದು ಬಾಳೆಲೆಯಲ್ಲಿ ಗೊತ್ತಿದ್ದವರ ಹತ್ತಿರ ಬಿಟ್ಟು ಬಂದಿದ್ದಾರೆ, ದಣಿವಿಗೆ ತಲೆ ಸುತ್ತಿದೆ ಅಂದ. "ಬಾಳೆಲೆ ಎಲ್ಲಿ, ಹೆಬ್ಬಾಲೆ ಎಲ್ಲಿ?" ಎಂದು ಗುರುವಪ್ಪ ಕೇಳಿದ. ನಿಂಗಮ್ಮ ತಟ್ಟೆ ಕೆಳಗಿಟ್ಟು, ನನ್ನನ್ನು ಎಬ್ಬಿಸಿ, ತೆಂಗಿನಕಾಯಿ ನಾಳೆ ಒಡೆದರಾಯಿತು ಅಂದಳು.

ಮರುದಿನ ಬೆಳಿಗ್ಗೆ ನನ್ನನ್ನು ಬಿಟ್ಟು ಹೋಗಲು ಅಶ್ವಥ್ ತಯಾರಾಗಿದ್ದ. ಹಟ ಮಾಡಿ ನಾನೂ ಹೋದೆ. ಬಾಳೆಲೆಯಲ್ಲಿ ಬಸ್ಸು ತಿರುಗಿಸುವ ಜಾಗದ ಪಕ್ಕ, ಆ ಹಳೆಯ ಕ್ಯಾಂಟೀನಿನ ಗೋಡೆಗೆ ಒತ್ತಿ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತ್ತು ದೋಣಿ. ಎರಡು ಗಾಲಿಗೂ ಕಲ್ಲು ಕೊಟ್ಟಿತ್ತು. ನಿನಗೆ ಆ ಜಾಗ ಗೊತ್ತಿಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ಏಳು ವರ್ಷ ನಾನು ನೈಟ್ ಹಾಲ್ಟ್ ಬಸ್ಸು ನಿಲ್ಲಿಸುತ್ತಿದ್ದದ್ದು ಅಲ್ಲೇ. ಮಡಿಕೇರಿ ಬಿಟ್ಟು ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ ದಾಟಿ ಬಾಳೆಲೆ. ನಾನೂ ಕಂಡಕ್ಟರ್ ಕೂಸಪ್ಪನೂ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಮಲಗಿ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುತ್ತಿದ್ದೆವು. ಈಗ ಕ್ಯಾಂಟೀನ್ ನಡೆಸುತ್ತಿರುವವಳು ಚೋಮಿ. ಆಗ ಅವಳ ತಾಯಿ ನಡೆಸುತ್ತಿದ್ದರು, ಇವಳು ಎರಡು ಜಡೆ ಹಾಕಿಕೊಂಡು ನನ್ನ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದವಳು. ಈಗ ಅವಳ ತಲೆಗೂದಲೇ ಬೆಳ್ಳಗಾಗಿದೆ. ಮಗನ ಎದುರಿಗೆ ಹೇಳಲು ಹಿಂದೆಮುಂದೆ ನೋಡಿದಳು. ಎಲ್ಲವನ್ನೂ ಹೇಳು ಎಂದು ನಾನೇ ಕೇಳಿದೆ.

"ನೀವು ಬಂದ್ರಿ ಡ್ರೈವರಣ್ಣ," ಅಂದಳು. "ಒಂದೇ ಸಲಕ್ಕೆ ರಿವರ್ಸ್ ತೆಗ್ದು ಇಲ್ಲಿಗೆ ನಿಲ್ಸಿದ್ರಿ. ಆಟೋದವರೆಲ್ಲ ನೋಡ್ತಾ ಇದ್ರು. ನನ್ನ ಹೆಸರು ಹಿಡಿದು ಕರೆದ್ರಿ. ಅಮ್ಮ ಎಲ್ಲಿ ಅಂತ ಕೇಳಿದ್ರಿ. ಆಮೇಲೆ, ಕೂಸಪ್ಪ ಸ್ನಾನಕ್ಕೆ ಹೋದ್ನಾ ಅಂದ್ರಿ. ನಾನು ಏನು ಹೇಳ್ಲಿ? ಹೂಂ, ಹೋಗಿದಾರೆ ಅಂದೆ."

ಕೂಸಪ್ಪ ಸತ್ತು ಎಂಟು ವರ್ಷವಾಯಿತು. ಅವನ ತಿಥಿಯೂಟಕ್ಕೆ ನಾವಿಬ್ಬರೂ ಹೋಗಿದ್ದೆವಲ್ಲ. ಟೀ ಕುಡಿದು, ನಾಳೆ ಮೊದಲ ಟ್ರಿಪ್ಪಿಗೆ ತೆಗೆಯುತ್ತೇನೆ ಎಂದು ಹೇಳಿ, ಸ್ವೆಟರ್ ಬಿಚ್ಚಿ ಒಳಕೋಣೆಯ ಮೊಳೆಗೆ ತಗುಲಿಹಾಕಿದೆನಂತೆ. ಅವಳು ಗಿರಾಕಿಗಳನ್ನು ನೋಡಿ ತಿರುಗಿ ಬರುವಷ್ಟರಲ್ಲಿ ಪಿಕಪ್ಪೂ ಇಲ್ಲ, ನಾನೂ ಇಲ್ಲ. ಧಕ್ಕೆಯಲ್ಲಿ ಆರು ಸಲಕ್ಕೂ ಬಾರದ ರಿವರ್ಸು ಬಾಳೆಲೆಯಲ್ಲಿ ಒಂದೇ ಸಲಕ್ಕೆ ಹೇಗೆ ಬಂತು? ಬುದ್ಧಿ ಇದ್ದಾಗ ಆಗದ್ದು ಅದು ಇಲ್ಲದಾಗ ಆಗುತ್ತದೆಯೇ? ಹಾಗಾದರೆ ಅದನ್ನು ಮಾಡಿದವನು ಯಾರು? ಐದು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಒಂದು ತುದಿ ಹಿಡಿದರೆ ಇನ್ನೊಂದು ತಪ್ಪುತ್ತದೆ.

ನಮ್ಮ ನಂಬರು ನಿನಗೆ ಹೇಗೆ ಸಿಕ್ಕಿತು ಎಂದು ಚೋಮಿಯನ್ನು ಕೇಳಿದೆ. ಅವಳು ಅಶ್ವಥನ ಕಡೆ ನೋಡಿದಳು. ಅವನು ನೆಲ ನೋಡಿದ. ಆಮೇಲೆ ಅವಳು ಸ್ವೆಟರ್ ತಂದು ಒಳಜೇಬನ್ನು ಹೊರಕ್ಕೆ ತಿರುವಿ ನನ್ನ ಕೈಗೆ ಕೊಟ್ಟಳು. ಬಿಳಿ ಬಟ್ಟೆಯ ತುಂಡು. ಸುತ್ತಲೂ ಕಾಜಾ ಹೊಲಿಗೆ. ನಲವತ್ತಮೂರು ವರ್ಷದಿಂದ ನನ್ನ ಅಂಗಿಗಳ ಮೇಲೆ ನೋಡಿದ ಹೊಲಿಗೆ, ಬೇರೆ ಯಾರದು ಎಂದುಕೊಳ್ಳಲಿ? ಮಾಸದ ಶಾಯಿಯಲ್ಲಿ ನಿನ್ನ ದುಂಡು ಅಕ್ಷರ. 'ಇವರ ಹೆಸರು ಸಣ್ಣಸ್ವಾಮಿ. ಬಸ್ಸಿನ ಡ್ರೈವರ್ ಆಗಿದ್ದರು. ದಾರಿ ತಪ್ಪಿದ್ದರೆ ಈ ನಂಬರಿಗೆ ಫೋನ್ ಮಾಡಿ. ದಯವಿಟ್ಟು ಗದರಿಸಬೇಡಿ.'

ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ. ಕೊನೆಯ ಎರಡು ಪದಗಳನ್ನು ಓದಲು ಆಗುತ್ತಿರಲಿಲ್ಲ. ಚೋಮಿ ಇನ್ನೊಂದು ಟೀ ತಂದಿಟ್ಟಳು. ಅಶ್ವಥ್ ಹೊರಗೆ ಹೋಗಿ ಟ್ರೈಲರಿಗೆ ಕೊಕ್ಕೆ ಹಾಕುತ್ತಾ ನಿಂತ, ಅಷ್ಟು ಹೊತ್ತು ಹಿಡಿಯುವ ಕೆಲಸವೇ ಅದಲ್ಲ. ವಾಪಸ್ಸು ಬರುವಾಗ ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಗೋಣಿಕೊಪ್ಪ ದಾಟಿದ ಮೇಲೆ, ಇದು ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಯುಗಾದಿಗೆ ಮೊದಲೇ ಅಮ್ಮ ಹೇಳಿದ್ದಳು ಅಂದ. ನೀನು ಕುಶಾಲನಗರದ ಸಂತೆಯಲ್ಲಿ ನನ್ನನ್ನು ಅರ್ಧ ಗಂಟೆ ಹುಡುಕಿದೆಯಂತೆ, ನಾನು ಬೇರೆ ಯಾರದೋ ಆಟೋದಲ್ಲಿ ಕೂತು ಕಾಯುತ್ತಿದ್ದೆನಂತೆ. "ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ. ಘಾಟಿ ಓಡ್ಸೋದ್ರಲ್ಲಿ ಮಾತ್ರ ನಿಂಗೇನೂ ಆಗಿರಲಿಲ್ಲ ಅಪ್ಪ, ನಾನೇ ಕಣ್ಣಾರೆ ನೋಡಿದ್ನಲ್ಲ" ಎಂದು ಹೇಳಿ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದ. ವೈಪರ್ ಆಡುತ್ತಿತ್ತು. ನನ್ನ ಹತ್ತಿರ ಇದ್ದ ಇನ್ನೊಂದು ಕೀಯನ್ನು ನಾನೇ ತೆಗೆದು ಅವನ ಕೈಯಲ್ಲಿಟ್ಟೆ. ಬೇಡ ಅನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ.

ದೋಣಿ ಈಗ ಹೊಳೆದಂಡೆಯಲ್ಲಿ ತಗಡಿನ ಮಾಡಿನ ಕೆಳಗಿದೆ. ನಿಂಗಮ್ಮನೇ ಕಾಯಿ ಒಡೆದಳು. ಭಾನುವಾರ ನೀರಿಗಿಳಿಸಿ ನೋಡಿದರು, ಚೆನ್ನಾಗಿ ತೇಲುತ್ತದೆ. ಮನೆಗೆ ಬಂದ ದಿನ ಬೀರು ತೆಗೆದು ನನ್ನ ಅಂಗಿಗಳನ್ನೆಲ್ಲ ತಿರುವಿ ನೋಡಿದೆ. ಒಂಬತ್ತು ಅಂಗಿ, ಒಂಬತ್ತಕ್ಕೂ ಹೊಲಿದಿದ್ದೀಯೆ. ಮದುವೆಮನೆಗೆ ಹಾಕುವ ರೇಷ್ಮೆ ಅಂಗಿಗೂ. ಯಾವಾಗ ಹೊಲಿದೆ? ನಾನು ಹೊಲಕ್ಕೆ ಹೋದಾಗಲೇ? ಒಬ್ಬಳೇ ಕೂತು ಒಂಬತ್ತು ಸಲ ಅದೇ ಮಾತು ಬರೆಯುವಾಗ ನಿನಗೆ ಹೇಗಾಗಿರಬೇಕು? ಕೋಪವಿಲ್ಲ ವಿಶಾಲಾಕ್ಷಿ. ಮೊದಲು ಸ್ವಲ್ಪ ಬಂತು, ಈಗ ಇಲ್ಲ. ಮುಂದಿನ ಬುಧವಾರ ಮಡಿಕೇರಿಯ ಡಾಕ್ಟರ ಹತ್ತಿರ ಬಿಪಿ ತೋರಿಸೋಣ ಎಂದು ಅಶ್ವಥ್ ಹೇಳುತ್ತಿದ್ದಾನೆ. ಬಿಪಿಗಲ್ಲ ಎಂದು ನನಗೂ ಗೊತ್ತು, ಹೂಂ ಅಂದಿದ್ದೇನೆ.

ಇದನ್ನು ಓದಿ ಗಾಬರಿಯಾಗಿ ಬಸ್ಸು ಹತ್ತಬೇಡ. ಬಾಣಂತನ ಅರ್ಧಕ್ಕೆ ಬಿಡುವ ಕೆಲಸವಲ್ಲ. ನಾನು ಗಟ್ಟಿಯಾಗಿದ್ದೇನೆ. ತೇಜಸ್ವಿನಿಗೂ ಕೂಸಿಗೂ ಅಜ್ಜನ ತುಂಬು ಆಶೀರ್ವಾದ. ಅಳಿಯಂದಿರಿಗೆ, ಬೀಗರಿಗೆ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿ ಎಣ್ಣೆ ಹಚ್ಚಿಕೋ.

ಇಂತಿ ನಿನ್ನ
ಸಣ್ಣಸ್ವಾಮಿ

ವಿ.ಸೂ.: ಅಂಚೆ ಚೀಟಿಗೆಂದು ಮೇಜಿನ ಡ್ರಾ ಎಳೆದೆ. ಅದರಲ್ಲಿ ನಿನ್ನ ವಿಳಾಸ ಬರೆದು ಅಂಟಿಸಿದ ಲಕೋಟೆ ಒಂದಿದೆ. ಒಡೆದು ನೋಡಿದೆ. ಸೋಮವಾರದ ತಾರೀಕು. ಇದೇ ದೋಣಿ, ಇದೇ ಬಾಳೆಲೆ, ಅಂಗಿಯ ವಿಷಯವೂ ಇದೆ. ಅಕ್ಷರ ನನ್ನದೇ. ಬರೆದದ್ದು ನನಗೆ ಗೊತ್ತಿಲ್ಲ. ಕಾವ್ಯಶ್ರೀ ಪೇಟೆಗೆ ಹೊರಟು ನಿಂತಿದ್ದಾಳೆ, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಅವಳ ಕೈಗೆ ಕೊಡುತ್ತಿದ್ದೇನೆ. ಎರಡರಲ್ಲೂ ನಾನು ಬರಬೇಡ ಎಂದು ಬರೆದಿದ್ದೇನೆ. ಎರಡನ್ನೂ ನಂಬಬೇಡ. ಬಾ.